ಮೂರು ತ್ರಿಕೋನಗಳ ಹಿಂದಿನ ಸರಸ್ವತಿ

ಮೂರು ತ್ರಿಕೋನಗಳು. ಕೆಳಗೆ ಎರಡು, ಅವುಗಳ ನೆತ್ತಿಯ ಮೇಲೆ ಒಂದು. ಮೂರಕ್ಕೂ ಚಿನ್ನದ ಬಣ್ಣ. ನಡುವೆ ತಲೆಕೆಳಗಾದ ತ್ರಿಕೋನದಷ್ಟು ಜಾಗ ಖಾಲಿ. ಸ್ಕೇಲು, ಪೆನ್ಸಿಲ್ ಕೊಟ್ಟರೆ ಪ್ರಾಥಮಿಕ ಶಾಲೆಯ ಮಗು ಕೂಡ ಬರೆದುಬಿಡಬಹುದಾದ ಈ ಚಿಹ್ನೆಯನ್ನು ವಿಡಿಯೊ ಗೇಮ್‌ಗಳ ರುಚಿ ಹತ್ತಿದ ಯಾರಿಗಾದರೂ ತೋರಿಸಿ; ‘ಟ್ರೈಫೋರ್ಸ್’ ಎಂದು ತಟ್ಟನೆ ಹೆಸರು ಹೇಳಿಯಾರು. ಅದೇ ಚಿಹ್ನೆಯನ್ನು ಇತಿಹಾಸ ಬಲ್ಲ ಜಪಾನೀಯರಿಗೆ ತೋರಿಸಿದರೆ ಬರುವ ಉತ್ತರ ಬೇರೆ. ಅವರ ಪಾಲಿಗೆ ಅದು ‘ಮಿತ್ಸು ಉರೊಕೊ’. ಅಂದರೆ ಮೂರು ಹುರುಪೆ. ಮೀನು, ಹಾವುಗಳ ಮೈಮೇಲಿರುವ ಹುರುಪೆ. ಏಳುನೂರು ವರ್ಷಗಳ ಹಿಂದೆ ಜಪಾನನ್ನು ಆಳಿದ ಒಂದು ಮನೆತನದ ಲಾಂಛನ ಅದು.

ಈ ಹುರುಪೆಗಳು ಯಾರ ಮೈಯಿಂದ ಉದುರಿದವು ಎಂದು ಹುಡುಕುತ್ತ ಹೋದರೆ ದಾರಿ ಭಾರತಕ್ಕೆ ಬಂದು ಮುಟ್ಟುತ್ತದೆ. ನವರಾತ್ರಿಯಲ್ಲಿ ಪುಸ್ತಕಗಳನ್ನಿಟ್ಟು ನಾವು ಪೂಜಿಸುವ ಸರಸ್ವತಿಯೇ ಆ ಕಥೆಯ ನಾಯಕಿ.

ಮೊದಲು ಆಟದ ವಿಷಯ. ‘ದಿ ಲೆಜೆಂಡ್ ಆಫ್ ಝೆಲ್ಡಾ’ ಜಪಾನಿನ ಮಾರುಕಟ್ಟೆಗೆ ಬಂದದ್ದು 1986ರ ಫೆಬ್ರುವರಿ 21ರಂದು. ತಯಾರಿಸಿದ್ದು ನಿಂಟೆಂಡೊ ಕಂಪೆನಿ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟೆಲೆ ತಯಾರಿಸುವ ಅಂಗಡಿಯಾಗಿ ಹುಟ್ಟಿ, ಮುಂದೆ ಎಲೆಕ್ಟ್ರಾನಿಕ್ ಆಟಗಳಿಗೆ ಹೊರಳಿಕೊಂಡ ಕಂಪೆನಿ ಇದು. ಆಟದ ಹಿಂದಿದ್ದ ಪ್ರಮುಖರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಕಥೆಯೇನೋ ಅಜ್ಜಿಕಥೆಯಷ್ಟೇ ಸರಳ. ಹೈರೂಲ್ ಎಂಬ ರಾಜ್ಯ, ಝೆಲ್ಡಾ ಎಂಬ ರಾಜಕುಮಾರಿ, ಅವಳನ್ನು ಸೆರೆಹಿಡಿದ ಗ್ಯಾನನ್ ಎಂಬ ದುಷ್ಟ, ಕತ್ತಿ ಗುರಾಣಿ ಹಿಡಿದು ಕಾಡು ಗುಹೆ ಸುತ್ತುವ ಲಿಂಕ್ ಎಂಬ ಹುಡುಗ. ಎಲ್ಲರ ಕಣ್ಣೂ ದೇವದತ್ತವಾದ ಆ ತ್ರಿಕೋನಗಳ ಮೇಲೆ. ಹತ್ತಾರು ಭಾಗಗಳಲ್ಲಿ ಬೆಳೆದ ಈ ಆಟಮಾಲೆಯಲ್ಲಿ ಊರು ಬದಲಾಗಿದೆ, ಕಾಲ ಬದಲಾಗಿದೆ. ಲಿಂಕ್ ಒಮ್ಮೆ ಬಾಲಕ, ಒಮ್ಮೆ ಯುವಕ. ತ್ರಿಕೋನ ಮಾತ್ರ ಹಾಗೇ ಉಳಿದಿದೆ.

<b>ಎನೋಶಿಮಾದ ಇಪ್ಪತ್ತೊಂದು ರಾತ್ರಿ</b>

ಇನ್ನು ಆ ಹಳೆಯ ಲಾಂಛನದ ಕಥೆ. 12ನೇ ಶತಮಾನದ ಕೊನೆಯಲ್ಲಿ ಜಪಾನಿನ ಅಧಿಕಾರ ಕ್ಯೋಟೊದ ಚಕ್ರವರ್ತಿಯ ಕೈಯಿಂದ ಯೋಧರ ಕೈಗೆ ಜಾರಿತು. 1180ರಿಂದ 1185ರವರೆಗೆ ಎರಡು ದೊಡ್ಡ ಕುಲಗಳ ನಡುವೆ ನಡೆದ ಯುದ್ಧದಲ್ಲಿ ಮಿನಮೊಟೊ ಯೊರಿಟೊಮೊ ಗೆದ್ದ. ಅವನು ಪೂರ್ವದ ಕಾಮಕುರಾ ಎಂಬ ಕಡಲತೀರದ ಊರಿನಲ್ಲಿ ತನ್ನ ಸರ್ಕಾರ ಸ್ಥಾಪಿಸಿ ಶೋಗನ್ ಎನಿಸಿಕೊಂಡ. ಅವನಿಗೆ ಹೆಣ್ಣು ಕೊಟ್ಟ ಮಾವ ಹೋಜೋ ತೊಕಿಮಾಸಾ. ಇಝು ಪ್ರಾಂತ್ಯದ ಸಾಮಾನ್ಯ ಪಾಳೆಯಗಾರ. ಆದರೆ 1199ರಲ್ಲಿ ಅಳಿಯ ತೀರಿಕೊಂಡ ಮೇಲೆ ಆಟ ಬದಲಾಯಿತು. 1203ರಲ್ಲಿ ತೊಕಿಮಾಸಾ ‘ಶಿಕ್ಕೆನ್’ ಆದ. ಶೋಗನ್ ಹೆಸರಿನಲ್ಲಿ ರಾಜ್ಯಭಾರ ನಡೆಸುವ ಹುದ್ದೆ ಅದು. ಯೊರಿಟೊಮೊನ ವಂಶ 1219ರಲ್ಲಿ ಕೊಲೆಯೊಂದರೊಂದಿಗೆ ಮುಗಿದುಹೋಯಿತು. ಹೋಜೋಗಳು 1333ರವರೆಗೆ ಆಳಿದರು. ತಾವು ಶೋಗನ್ ಎಂದು ಒಮ್ಮೆಯೂ ಕರೆದುಕೊಳ್ಳಲಿಲ್ಲ. ಅದರ ಅಗತ್ಯವೂ ಅವರಿಗೆ ಬೀಳಲಿಲ್ಲ. 1274 ಮತ್ತು 1281ರಲ್ಲಿ ಮಂಗೋಲರ ನೌಕಾದಂಡು ಬಂದಾಗ ಅದನ್ನು ಎದುರಿಸಿದ್ದು ಈ ಮನೆತನದ ತೊಕಿಮುನೆ.

ಇಂಥ ಮನೆತನಕ್ಕೆ ಮೂರು ಹುರುಪೆಯ ಲಾಂಛನ ಬಂದದ್ದು ಹೇಗೆ? 14ನೇ ಶತಮಾನದ ‘ತೈಹೆಕಿ’ ಎಂಬ ಯುದ್ಧಕಥನ ಅದಕ್ಕೊಂದು ಕಥೆ ಹೇಳುತ್ತದೆ.

ಕಾಮಕುರಾದ ಪಕ್ಕದಲ್ಲೇ ಎನೋಶಿಮಾ ಎಂಬ ಪುಟ್ಟ ದ್ವೀಪ. ಅಲ್ಲಿನ ಗುಹೆಯಲ್ಲಿ ಬೆಂಜೈಟೆನ್ ದೇವತೆಯ ಸನ್ನಿಧಿ. ತೊಕಿಮಾಸಾ ತನ್ನ ಸಂತತಿಯ ಏಳಿಗೆಗಾಗಿ ಅಲ್ಲಿ ವ್ರತ ಹಿಡಿದು ಕುಳಿತ. ಇಪ್ಪತ್ತೊಂದನೆಯ ರಾತ್ರಿ ಗಂಭೀರ ಸುಂದರಿಯೊಬ್ಬಳು ಅವನ ಮುಂದೆ ಪ್ರತ್ಯಕ್ಷಳಾದಳು. ಹಿಂದಿನ ಜನ್ಮದಲ್ಲಿ ಅವನು ಹಕೋನೆ ಬೆಟ್ಟದ ಒಬ್ಬ ಸನ್ಯಾಸಿಯಾಗಿದ್ದನಂತೆ. ಬೌದ್ಧರ ಸದ್ಧರ್ಮಪುಂಡರೀಕ ಸೂತ್ರವನ್ನು ಅರವತ್ತಾರು ಪ್ರತಿ ಬರೆದು ಜಪಾನಿನ ಅರವತ್ತಾರು ಪ್ರಾಂತ್ಯಗಳ ಪುಣ್ಯಸ್ಥಳಗಳಿಗೆ ಅರ್ಪಿಸಿದ್ದನಂತೆ. ಆ ಪುಣ್ಯದ ಫಲವಾಗಿ ಅವನ ಸಂತತಿ ಬಹುಕಾಲ ದೇಶವನ್ನು ಆಳುತ್ತದೆ ಎಂದು ಆಕೆ ವರ ಕೊಟ್ಟಳು. ಕೊಟ್ಟು ಸುಮ್ಮನಾಗಲಿಲ್ಲ. ನಡತೆ ತಪ್ಪಿದರೆ ಏಳು ತಲೆಮಾರು ದಾಟದು ಎಂದೂ ಸೇರಿಸಿದಳು. ಹಿಂದಿರುಗಿ ಹೊರಟವಳನ್ನು ಅವನು ನೋಡುತ್ತಿದ್ದಂತೆ ಆಕೆ ಇಪ್ಪತ್ತು ‘ಜೋ’ ಉದ್ದದ ಸರ್ಪವಾದಳು. ಈಗಿನ ಲೆಕ್ಕದಲ್ಲಿ ಸುಮಾರು 60 ಮೀಟರ್. ಸರ್ಪ ಕಡಲಿಗಿಳಿದು ಮರೆಯಾಯಿತು. ನಿಂತಿದ್ದ ಜಾಗದಲ್ಲಿ ಮೂರು ದೊಡ್ಡ ಹುರುಪೆಗಳು ಬಿದ್ದಿದ್ದವು. ಅವನ್ನೆತ್ತಿಕೊಂಡ ತೊಕಿಮಾಸಾ ತನ್ನ ಧ್ವಜಕ್ಕೆ ಅದನ್ನೇ ಗುರುತು ಮಾಡಿಕೊಂಡ.

ಕಥೆ ಸೊಗಸಾಗಿದೆ. ಆದರೆ ಅದು ‘ತೈಹೆಕಿ’ಯಲ್ಲಿ ಎಲ್ಲಿ ಬರುತ್ತದೆ ಎನ್ನುವುದು ಕಥೆಗಿಂತ ಸ್ವಾರಸ್ಯಕರ. ತೊಕಿಮಾಸಾನ ಕಾಲದ ವರ್ಣನೆಯಲ್ಲಿ ಅದಿಲ್ಲ. ಮನೆತನದ ಕಡೆಯ ಯಜಮಾನ ಹೋಜೋ ತಕಟೋಕಿ ಹಾಡು ಕುಣಿತದಲ್ಲಿ ಮೈಮರೆತು, ನಾಯಿಗಳನ್ನು ಸಾಕಿ ಕಾದಾಟಕ್ಕೆ ಬಿಟ್ಟು ಮಜಾ ನೋಡುತ್ತಿದ್ದ ಎಂಬ ಪ್ರಕರಣ ಮುಗಿದ ಕೂಡಲೇ ಈ ಪೂರ್ವಕಥೆ ಬರುತ್ತದೆ. ಏಳು ತಲೆಮಾರು ಕಳೆದು ಆಗಲೇ ಒಂಬತ್ತಕ್ಕೆ ಬಂತು ಎಂದು ಗ್ರಂಥವೇ ಲೆಕ್ಕ ಒಪ್ಪಿಸುತ್ತದೆ. 1333ರಲ್ಲಿ ನಿಟ್ಟಾ ಯೊಶಿಸಾದಾನ ಸೇನೆ ಕಾಮಕುರಾಕ್ಕೆ ನುಗ್ಗಿದಾಗ ತಕಟೋಕಿ ಮತ್ತು ಅವನ ನೂರಾರು ಬಂಧು ಬಳಗದವರು ತೊಶೋಜಿ ಎಂಬ ಕುಲದೇಗುಲದಲ್ಲಿ ಪ್ರಾಣ ಕಳೆದುಕೊಂಡರು. ಅದೆಲ್ಲ ಮುಗಿದ ಮೇಲೆ ಬರೆದ ಗ್ರಂಥ ‘ತೈಹೆಕಿ’. ಅಂದರೆ ದೇವತೆಯ ಎಚ್ಚರಿಕೆ ನಮಗೆ ಓದಲು ಸಿಗುವುದು ಶಿಕ್ಷೆ ಜಾರಿಯಾದ ಮೇಲೆ! ಗೆದ್ದ ಮನೆತನದ ಹೆಮ್ಮೆಯ ಚಿಹ್ನೆಯನ್ನು ಸೋತ ಮನೆತನದ ಷರತ್ತುಪತ್ರವಾಗಿ ಓದಿದ ಜಾಣ್ಮೆ ಅದು.

ವರ ಪಡೆದ ತೊಕಿಮಾಸಾನೇ ಹೆಚ್ಚು ದಿನ ಸುಖಪಟ್ಟವನಲ್ಲ. 1205ರಲ್ಲಿ ಸ್ವಂತ ಮಗಳು ಮಸಾಕೊ ಮತ್ತು ಮಗ ಯೊಶಿಟೊಕಿ ಸೇರಿ ಅವನನ್ನು ಅಧಿಕಾರದಿಂದ ಇಳಿಸಿ ಊರಿಗೆ ಕಳಿಸಿಬಿಟ್ಟರು. ಹತ್ತು ವರ್ಷಗಳ ನಂತರ ಅಲ್ಲೇ ಸತ್ತ.

ಅವನು ಎನೋಶಿಮಾಕ್ಕೆ ಹೋದದ್ದು ಮಾತ್ರ ಬರಿಯ ಕಟ್ಟುಕಥೆಯಲ್ಲ. ಕಾಮಕುರಾ ಸರ್ಕಾರದ ಚರಿತ್ರೆಯಾದ ‘ಅಜುಮಾ ಕಾಗಾಮಿ’ಯಲ್ಲಿ 1182ನೇ ಇಸವಿಯ ಉಲ್ಲೇಖವಿದೆ. ಉತ್ತರದ ಶತ್ರು ಫುಜಿವಾರಾ ಹಿದೆಹಿರಾ ನಾಶವಾಗಲಿ ಎಂಬ ಸಂಕಲ್ಪದಿಂದ ಯೊರಿಟೊಮೊ ಆ ವರ್ಷ ಎನೋಶಿಮಾದಲ್ಲಿ ಬೆಂಜೈಟೆನ್ ಪ್ರತಿಷ್ಠೆ ಮಾಡಿಸಿದ. ಜತೆಗೆ ಹೋದವರಲ್ಲಿ ತೊಕಿಮಾಸಾನೂ ಇದ್ದ. ಇನ್ನು ಹುರುಪೆಯ ವಿನ್ಯಾಸ ಆ ಮನೆತನಕ್ಕಿಂತ ಬಹಳ ಹಳೆಯದು. ಸಾಲುಸಾಲು ತ್ರಿಕೋನಗಳು ಕ್ಯುಶು ದ್ವೀಪದ 6ನೇ ಶತಮಾನದ ಸಮಾಧಿಗಳ ಗೋಡೆಗಳಲ್ಲೇ ಇವೆ. ಜಪಾನಿನ ‘ನೋ’ ನಾಟಕದಲ್ಲಿ ಹಾವಾಗಿ ಬದಲಾಗುವ ಹೆಣ್ಣಿನ ಪಾತ್ರಕ್ಕೆ ಇದೇ ತ್ರಿಕೋನಗಳ ಉಡುಪು. ಕೆಡುಕು ತಟ್ಟದಿರಲಿ ಎಂದು ಈ ವಿನ್ಯಾಸದ ಬಟ್ಟೆ ತೊಡುವ ರೂಢಿಯೂ ಅಲ್ಲಿದೆ. ಚಿಹ್ನೆ ಮೊದಲು, ಅದಕ್ಕೊಪ್ಪುವ ಕಥೆ ಆಮೇಲೆ. ಲಾಂಛನಗಳ ವಿಷಯದಲ್ಲಿ ಬಹುತೇಕ ನಡೆಯುವುದು ಹೀಗೆಯೇ.

<b>ನದಿಯಿಂದ ಕಡಲಿಗೆ</b>

ಬೆಂಜೈಟೆನ್ ಯಾರು? ಹೆಸರಿನ ಕೊನೆಯ ‘ಟೆನ್’ ಎಂದರೆ ದೇವ ಅಥವಾ ದೇವಿ. ‘ಬೆನ್’ ಎಂದರೆ ಮಾತು, ‘ಜೈ’ ಎಂದರೆ ಪ್ರತಿಭೆ. ಒಟ್ಟಿನಲ್ಲಿ ವಾಗ್ದೇವಿ. ಚೀನಾದಲ್ಲಿ ಸರಸ್ವತಿಗೆ ಕೊಟ್ಟ ಹೆಸರನ್ನೇ ಜಪಾನೀಯರು ತಮ್ಮ ಉಚ್ಚಾರದಲ್ಲಿ ಹೇಳುತ್ತಾರೆ.

ಸರಸ್ವತಿಯನ್ನು ಹಾಗೆ ಕರೆದೊಯ್ದದ್ದು ಬೌದ್ಧರ ‘ಸುವರ್ಣಪ್ರಭಾಸ ಸೂತ್ರ’. ಚೀನಾದ ಭಿಕ್ಷು ಯಿ ಜಿಂಗ್ ಭಾರತಕ್ಕೆ ಬಂದು ನಾಲಂದಾದಲ್ಲಿ ಓದಿ ಹಿಂದಿರುಗಿದವನು. 703ರಲ್ಲಿ ಈ ಸೂತ್ರವನ್ನು ಚೀನೀ ಭಾಷೆಗೆ ತಂದ. ಜಪಾನಿನ ಚಕ್ರವರ್ತಿ ಶೋಮು 741ರಲ್ಲಿ ಪ್ರತಿ ಪ್ರಾಂತ್ಯದಲ್ಲೂ ದೇಗುಲ ಕಟ್ಟಿಸಿ ರಾಜ್ಯರಕ್ಷಣೆಗಾಗಿ ಈ ಗ್ರಂಥದ ಪಾರಾಯಣ ನಡೆಯಬೇಕೆಂದು ಅಪ್ಪಣೆ ಹೊರಡಿಸಿದ. ಈ ಸೂತ್ರದಲ್ಲಿ ಬರುವ ಸರಸ್ವತಿ ವೀಣಾಪಾಣಿ ಅಲ್ಲ. ಎಂಟು ಕೈಗಳಲ್ಲಿ ಬಿಲ್ಲು, ಬಾಣ, ಖಡ್ಗ, ಈಟಿ, ಕೊಡಲಿ, ವಜ್ರ, ಚಕ್ರ, ಪಾಶ ಹಿಡಿದ ಯೋಧೆ. ನಾರಾ ನಗರದ ತೊಡೈಜಿ ದೇಗುಲದಲ್ಲಿ 8ನೇ ಶತಮಾನದ ಇಂಥದೊಂದು ಎಂಟು ಕೈಗಳ ಮಣ್ಣಿನ ವಿಗ್ರಹವಿದೆ. ಶಾಂತವಾಗಿ ವೀಣೆ ನುಡಿಸುವ ಶಾರದೆಯನ್ನು ಕಂಡ ಕಣ್ಣಿಗೆ ಇದು ದುರ್ಗೆಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಋಗ್ವೇದವನ್ನು ನೆನೆದರೆ ವಿಸ್ಮಯ ಕಡಿಮೆಯಾಗುತ್ತದೆ. ಅಲ್ಲಿ ಸರಸ್ವತಿ ಮೊದಲು ನದಿ. ಮಾತಿನ ದೇವಿಯಾದದ್ದು ನಂತರ. ವೃತ್ರನೆಂಬ ಸರ್ಪರೂಪಿ ಶತ್ರುವನ್ನು ಕೊಂದವಳು ಎಂಬ ಅರ್ಥದ ‘ವೃತ್ರಘ್ನಿ’ ಎಂಬ ವಿಶೇಷಣವೂ ಅವಳಿಗೆ ಅಲ್ಲಿದೆ.

ವಿಚಿತ್ರವೆಂದರೆ, ಸರ್ಪವನ್ನು ಕೊಂದವಳು ಜಪಾನಿನಲ್ಲಿ ತಾನೇ ಸರ್ಪವಾದಳು. ನೀರಿನ ದೇವತೆಯೆಂಬ ನೆನಪು ಅಳಿಯಲಿಲ್ಲ. ಅವಳ ಪ್ರಸಿದ್ಧ ಸನ್ನಿಧಿಗಳೆಲ್ಲ ನೀರಿನ ನಡುವೆ ಇವೆ: ಎನೋಶಿಮಾ, ಬೀವಾ ಸರೋವರದ ಚಿಕುಬುಶಿಮಾ, ಕೆಂಪು ಕಮಾನಿನಿಂದ ಹೆಸರಾದ ಇತ್ಸುಕುಶಿಮಾ. ನೀರು ಇದ್ದಲ್ಲಿ ಸ್ಥಳೀಯರ ನಾಗದೇವರು ಮೊದಲೇ ಇದ್ದರು. ಇಬ್ಬರೂ ಬೆರೆತರು. ಕೆಲವು ವಿಗ್ರಹಗಳಲ್ಲಿ ಅವಳ ಕಿರೀಟದ ಮೇಲೆ ಮುದುಕನ ಮುಖದ ಹಾವೊಂದು ಸುರುಳಿ ಸುತ್ತಿ ಕುಳಿತಿರುತ್ತದೆ. ಎನೋಶಿಮಾದ ಸ್ಥಳಪುರಾಣ ಇನ್ನೂ ಮುಂದೆ ಹೋಗಿದೆ. ಆ ತೀರದಲ್ಲಿ ಮಕ್ಕಳನ್ನು ತಿನ್ನುತ್ತಿದ್ದ ಐದು ತಲೆಯ ನಾಗವೊಂದಿತ್ತು. ಕಡಲಿನಿಂದ ಮೇಲೆದ್ದ ದ್ವೀಪಕ್ಕೆ ಇಳಿದ ದೇವತೆಯನ್ನು ಕಂಡು ಮೋಹಗೊಂಡಿತು. ಕ್ರೌರ್ಯ ಬಿಟ್ಟರೆ ಮಾತ್ರ ನಿನ್ನನ್ನು ಒಪ್ಪುತ್ತೇನೆ ಎಂದು ಆಕೆ ಹೇಳಿದಳು. ಅದು ಬದಲಾಗಿ, ಕೊನೆಗೆ ಎದುರಿನ ಬೆಟ್ಟವಾಯಿತು. ಇಲ್ಲಿಯೂ ಷರತ್ತು!

ಕಾಲ ಕಳೆದಂತೆ ವಾಗ್ದೇವಿಯ ಹೆಸರಿನ ಬರವಣಿಗೆಯಲ್ಲೊಂದು ಸಣ್ಣ ಬದಲಾವಣೆ ನುಸುಳಿತು. ‘ಜೈ’ ಎಂಬ ಉಚ್ಚಾರ ಹಾಗೇ ಉಳಿಯಿತು. ಪ್ರತಿಭೆ ಎಂಬ ಅರ್ಥದ ಅಕ್ಷರದ ಜಾಗಕ್ಕೆ ಸಂಪತ್ತು ಎಂಬ ಅರ್ಥದ ಅಕ್ಷರ ಬಂತು. ವ್ಯಾಪಾರಿಗಳ ಜಪಾನಿಗೆ ಅದೇ ಹೆಚ್ಚು ಬೇಕಾಗಿತ್ತೇನೊ. ಬೆಂಜೈಟೆನ್ ಏಳು ಅದೃಷ್ಟದೇವತೆಗಳ ಸಾಲಿಗೆ ಸೇರಿದಳು. ಆ ಏಳರಲ್ಲಿ ಹೆಣ್ಣು ಇವಳೊಬ್ಬಳೇ. ಕಾಮಕುರಾದ ‘ಜೆನಿಯರಾಯಿ ಬೆಂಟೆನ್’ ಗುಡಿಯ ಗುಹೆಯಲ್ಲಿ ಭಕ್ತರು ಇಂದಿಗೂ ಪುಟ್ಟ ಬಿದಿರಿನ ಜಾಳಿಗೆಯಲ್ಲಿ ನಾಣ್ಯ, ನೋಟುಗಳನ್ನಿಟ್ಟು ಚಿಲುಮೆಯ ನೀರಿನಲ್ಲಿ ತೊಳೆಯುತ್ತಾರೆ. ತೊಳೆದ ದುಡ್ಡು ಬೆಳೆಯುತ್ತದೆ ಎಂಬ ನಂಬಿಕೆ. ಹೋಜೋ ತೊಕಿಯೊರಿ 1257ರಲ್ಲಿ ಇಲ್ಲಿ ನಾಣ್ಯ ತೊಳೆದನೆಂಬ ಐತಿಹ್ಯವಿದೆ. ಸರಸ್ವತಿ ಇದ್ದಲ್ಲಿ ಲಕ್ಷ್ಮಿ ಇರುವುದಿಲ್ಲ ಎಂಬ ನಮ್ಮ ಕಡೆಯ ಮಾತು ಆ ಗುಹೆಯಲ್ಲಿ ನಡೆಯದು.

<b>ಎರವಲು ತಂದ ಹೆಸರು</b>

ಮನೆತನ ಅಳಿದರೂ ಲಾಂಛನ ಅಳಿಯಲಿಲ್ಲ. ಹೋಜೋಗಳು ನಾಶವಾದ ಸುಮಾರು ಇನ್ನೂರು ವರ್ಷಗಳ ಮೇಲೆ ಕಾಮಕುರಾದ ಪಕ್ಕದ ಓಡವಾರಾದಲ್ಲಿ ಹೊಸ ಒಡೆಯರೊಬ್ಬರು ತಲೆಯೆತ್ತಿದರು. ಅವರ ನಿಜವಾದ ಕುಲನಾಮ ಇಸೆ. ಪಶ್ಚಿಮದಿಂದ ಬಂದವರು. ಪೂರ್ವದ ಯೋಧರು ಇವರನ್ನು ಹೊರಗಿನವರೆಂದೇ ಎಣಿಸುತ್ತಿದ್ದರು. ಎರಡನೆಯ ಯಜಮಾನ ಉಜಿತ್ಸುನಾ 1523ರ ಸುಮಾರಿಗೆ ಮನೆತನದ ಹೆಸರನ್ನೇ ಹೋಜೋ ಎಂದು ಬದಲಾಯಿಸಿದ. ಹೆಸರಿನ ಜತೆಗೆ ಮೂರು ಹುರುಪೆಯನ್ನೂ ಎತ್ತಿಕೊಂಡ. ರಕ್ತಸಂಬಂಧ ಇಲ್ಲದಿದ್ದರೇನು? ಈ ಭೂಮಿಯನ್ನು ಹಿಂದೆ ಆಳಿದವರ ಗುರುತು ಧ್ವಜದ ಮೇಲಿದ್ದರೆ ಆಳುವ ಹಕ್ಕೂ ಅದರ ಬೆನ್ನಿಗೆ ಬರುತ್ತದೆ ಎಂಬ ಲೆಕ್ಕಾಚಾರ. 1590ರಲ್ಲಿ ತೊಯೊಟೊಮಿ ಹಿದೆಯೊಶಿ ಓಡವಾರಾ ಕೋಟೆಗೆ ಮುತ್ತಿಗೆ ಹಾಕಿ ಇವರನ್ನೂ ಮುಗಿಸಿದ.

ಜಪಾನಿನಲ್ಲಿ ಇಂಥ ಕುಲಚಿಹ್ನೆಗಳಿಗೆ ‘ಕಾಮೊನ್’ ಎನ್ನುತ್ತಾರೆ. ಸಾವಿರಾರು ಇವೆ. ಯುರೋಪಿನ ಲಾಂಛನಗಳಂತೆ ಸಿಂಹ, ಗಿಡುಗ, ಪಟ್ಟೆ, ಕಿರೀಟ ಎಲ್ಲವನ್ನೂ ಒಂದರಲ್ಲೇ ತುರುಕುವ ಅಭ್ಯಾಸ ಇವುಗಳಿಗಿಲ್ಲ. ಒಂದೇ ಬಣ್ಣ, ಒಂದೇ ಆಕಾರ. ಯುದ್ಧದ ದೂಳಿನಲ್ಲಿ ದೂರದಿಂದ ಗುರುತು ಹತ್ತಬೇಕು, ಅಷ್ಟೆ. ಈ ಗುಣದಿಂದಲೇ ಅವು ಕಾರ್ಖಾನೆಯ ಯುಗಕ್ಕೂ ಸಲೀಸಾಗಿ ಹೊಂದಿಕೊಂಡವು. ನಮ್ಮ ರಸ್ತೆಗಳಲ್ಲೂ ಕಂಡಿರುವ ಮಿತ್ಸುಬಿಷಿ ಕಾರಿನ ಮೂರು ವಜ್ರಗಳ ಗುರುತು ಎರಡು ಕುಲಚಿಹ್ನೆಗಳ ಬೆರಕೆ. ಒಂದು ತೊಸಾ ಪ್ರಾಂತ್ಯದ ಯಮಾನೌಚಿ ಒಡೆಯರ ಮೂರೆಲೆಯ ಚಿಹ್ನೆ, ಇನ್ನೊಂದು ಕಂಪೆನಿ ಸ್ಥಾಪಿಸಿದ ಇವಾಸಾಕಿ ಮನೆತನದ ಮೂರು ಅಂತಸ್ತಿನ ವಜ್ರ. ಚುಕ್ಕೆಗಳನ್ನು ಎಣಿಸಿ ಎಣಿಸಿ ಚಿತ್ರ ಬಿಡಿಸಬೇಕಿದ್ದ 1980ರ ದಶಕದ ವಿಡಿಯೊ ಗೇಮ್‌ಗೆ ಈ ಮಿತವ್ಯಯ ಹೇಳಿಮಾಡಿಸಿದಂತಿತ್ತು.

<b>ದೇವತೆಯರು ಬಿಟ್ಟುಹೋದದ್ದು</b>

ಹಾಗಾದರೆ ನಿಂಟೆಂಡೊ ಹೋಜೋಗಳ ಚಿಹ್ನೆಯನ್ನು ಹಾಗೇ ಎತ್ತಿಕೊಂಡಿತೇ? ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಹೌದೆನ್ನದೆ ಬೇರೆ ದಾರಿಯಿಲ್ಲ ಎನಿಸುತ್ತದೆ. ಅಭಿಮಾನಿಗಳಲ್ಲಿ ಅನೇಕರು ಹಾಗೇ ನಂಬಿದ್ದಾರೆ. ಆದರೆ ಆಟದ ಚರಿತ್ರೆ ಅಷ್ಟು ನೇರವಾಗಿಲ್ಲ. 1986ರ ಮೊದಲ ಆಟದಲ್ಲಿ ಇದ್ದದ್ದು ಎರಡೇ ತ್ರಿಕೋನ, ಒಂದು ಬಲದ್ದು, ಇನ್ನೊಂದು ವಿವೇಕದ್ದು. ಧೈರ್ಯ ಎಂಬ ಮೂರನೆಯದು ಸೇರಿದ್ದು 1987ರ ಎರಡನೆಯ ಆಟದಲ್ಲಿ. ಮಿಯಾಮೊಟೊ 2012ರ ಸಂದರ್ಶನವೊಂದರಲ್ಲಿ ಹೇಳಿದ ಪ್ರಕಾರ, ಆರಂಭದ ಯೋಚನೆಯಲ್ಲಿ ಈ ತ್ರಿಕೋನಗಳು ಎಲೆಕ್ಟ್ರಾನಿಕ್ ಚಿಪ್‌ಗಳಾಗಿದ್ದವು. ಕಥೆ ಭೂತ ಭವಿಷ್ಯಗಳ ನಡುವೆ ಓಡಾಡಬೇಕಿತ್ತು, ಎರಡಕ್ಕೂ ಕೊಂಡಿಯಾಗುವ ಹುಡುಗ ಎಂಬ ಕಾರಣಕ್ಕೇ ‘ಲಿಂಕ್’ ಎಂಬ ಹೆಸರು. ಇದನ್ನು ನೋಡಿದರೆ, ಹೋಜೋ ಚಿಹ್ನೆಯನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದರು ಎನ್ನುವುದು ಆತುರದ ತೀರ್ಮಾನ. ದೇಗುಲದ ಸೂರಿನಿಂದ ಬಟ್ಟೆಯಂಗಡಿಯವರೆಗೆ ಎಲ್ಲೆಲ್ಲೂ ಈ ವಿನ್ಯಾಸ ಕಾಣಿಸುವ ನಾಡಿನಲ್ಲಿ ಬೆಳೆದವರ ಕೈಗೆ ಅದು ತಾನಾಗಿ ಬಂತು ಎನ್ನುವುದು ಹೆಚ್ಚು ಸರಿ.

ಆಕಾರಕ್ಕಿಂತ ಕಥೆಯ ಹೋಲಿಕೆಯೇ ಹೆಚ್ಚು ಬೆರಗು ಹುಟ್ಟಿಸುವಂಥದು. 1998ರ ‘ಒಕರಿನಾ ಆಫ್ ಟೈಮ್’ ಆಟದಲ್ಲಿ ತ್ರಿಕೋನಗಳ ಪುರಾಣ ಪೂರ್ಣರೂಪ ಪಡೆಯಿತು. ದಿನ್, ನೈರು, ಫರೋರೆ ಎಂಬ ಮೂವರು ದೇವತೆಯರು ಬರುತ್ತಾರೆ. ಒಬ್ಬಳು ನೆಲವನ್ನು ರೂಪಿಸುತ್ತಾಳೆ, ಒಬ್ಬಳು ನಿಯಮವನ್ನು ಕೊಡುತ್ತಾಳೆ, ಮತ್ತೊಬ್ಬಳು ಜೀವರಾಶಿಯನ್ನು ಸೃಷ್ಟಿಸುತ್ತಾಳೆ. ಕೆಲಸ ಮುಗಿಸಿ ಮೂವರೂ ಆಕಾಶಕ್ಕೆ ಮರಳುತ್ತಾರೆ. ಅವರು ಲೋಕವನ್ನು ಬಿಟ್ಟುಹೋದ ಜಾಗದಲ್ಲಿ ಮೂರು ಚಿನ್ನದ ತ್ರಿಕೋನಗಳು ಉಳಿಯುತ್ತವೆ. ಎನೋಶಿಮಾದ ದೇವತೆ ಕಡಲಿಗಿಳಿದಳು, ಇವರು ಬಾನಿಗೇರಿದರು, ವ್ಯತ್ಯಾಸ ಅಷ್ಟೆ.

ಷರತ್ತು ಕೂಡ ಇದೆ. ಬಲ, ವಿವೇಕ, ಧೈರ್ಯ ಮೂರೂ ಮನಸ್ಸಿನಲ್ಲಿ ಸಮತೂಕದಲ್ಲಿ ಇದ್ದವನು ಮುಟ್ಟಿದರೆ ಮಾತ್ರ ತ್ರಿಕೋನಗಳು ಪೂರ್ತಿಯಾಗಿ ದಕ್ಕುತ್ತವೆ. ಇಲ್ಲದವನು ಕೈಯಿಟ್ಟರೆ ಅವು ಒಡೆದು ಮೂರಾಗುತ್ತವೆ. ಮುಟ್ಟಿದವನಿಗೆ ತಾನು ಅತಿಯಾಗಿ ನಂಬಿದ ಒಂದು ಮಾತ್ರ ಉಳಿಯುತ್ತದೆ. ಗ್ಯಾನನ್ ಕೈಗೆ ಬಲ ಉಳಿಯಿತು. ವಿವೇಕ ಝೆಲ್ಡಾಳಿಗೆ, ಧೈರ್ಯ ಲಿಂಕ್‌ಗೆ ಸೇರಿತು. ಅಧಿಕಾರ ದೇವದತ್ತವಾದದ್ದು, ಆದರೆ ನಡತೆ ಕೆಟ್ಟರೆ ಕೈಜಾರುತ್ತದೆ ಎಂದ ‘ತೈಹೆಕಿ’ಯ ಲೇಖಕನಿಗೆ ಈ ಕಥೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಬಲ, ವಿವೇಕ, ಧೈರ್ಯ ಎಂಬ ಈ ಮೂರರ ಆಯ್ಕೆಯ ಹಿಂದೆಯೂ ಪೂರ್ವ ಏಷ್ಯಾದ ಹಳೆಯ ಪಾಠವೊಂದರ ನೆರಳಿದೆ. ಕನ್‌ಫ್ಯೂಷಿಯಸ್ ಪರಂಪರೆ ಸಜ್ಜನನಿಗೆ ಹೇಳಿದ ಮೂರು ಗುಣಗಳು ವಿವೇಕ, ಕರುಣೆ, ಧೈರ್ಯ. ಜಪಾನಿನ ಚಕ್ರವರ್ತಿಯ ರಾಜಚಿಹ್ನೆಗಳಾದ ಕನ್ನಡಿ, ಮಣಿ, ಖಡ್ಗಗಳಿಗೂ ಈ ಮೂರು ಗುಣಗಳನ್ನು ಹೊಂದಿಸಿ ಹೇಳುವುದುಂಟು. ಆಟದಲ್ಲಿ ಎರಡು ಗುಣ ಹಾಗೇ ಇವೆ. ಕರುಣೆಯ ಜಾಗದಲ್ಲಿ ಬಲ ಬಂದು ಕೂತಿದೆ. ಆಟದ ಖಳನಾಯಕ ಹಿಡಿದುಕೊಂಡದ್ದು ಅದನ್ನೇ ಎನ್ನುವುದನ್ನು ಗಮನಿಸಬೇಕು.

ಕಥೆ ಆಮೇಲೆ ಬರುತ್ತದೆ ಎಂಬ ಮಾತಿಗೆ ಆಟದಲ್ಲೇ ಇನ್ನೊಂದು ಉದಾಹರಣೆ ಇದೆ. ಲಿಂಕ್‌ನ ಗುರಾಣಿಯ ಮೇಲೆ ತ್ರಿಕೋನಗಳ ಕೆಳಗೆ ರೆಕ್ಕೆ ಬಿಚ್ಚಿದ ಕೆಂಪು ಹಕ್ಕಿಯೊಂದಿದೆ. 1998ರಲ್ಲಿ ಅದನ್ನು ಕಂಡವರಿಗೆ ಅದು ಯಾವ ಹಕ್ಕಿಯೆಂದು ಆಟ ಹೇಳಿರಲಿಲ್ಲ. 2011ರಲ್ಲಿ ಬಂದ ‘ಸ್ಕೈವರ್ಡ್ ಸ್ವೋರ್ಡ್’ ಆಟದಲ್ಲಿ, ಮೊದಲ ಲಿಂಕ್ ಏರಿ ಹಾರುತ್ತಿದ್ದ ಕೆಂಪು ಮಹಾಪಕ್ಷಿ ಕಾಣಿಸಿಕೊಂಡಿತು. ಹದಿಮೂರು ವರ್ಷಗಳ ಮೇಲೆ ಸ್ಥಳಪುರಾಣ ಸಿದ್ಧವಾಯಿತು.

<b>ಅಳಿಸಬೇಕಾಗಿ ಬಂದ ಗುರುತುಗಳು</b>

ಎಲ್ಲ ಚಿಹ್ನೆಗಳಿಗೂ ಈ ತ್ರಿಕೋನಗಳಷ್ಟು ಸುಖಪ್ರಯಾಣ ಸಿಗಲಿಲ್ಲ. ಮೊದಲ ಆಟದಲ್ಲಿ ಲಿಂಕ್ ಹಿಡಿದ ಗುರಾಣಿಯ ಮೇಲೆ ಶಿಲುಬೆಯಿತ್ತು. ಮಂತ್ರಶಕ್ತಿ ಕೊಡುವ ಪುಸ್ತಕಕ್ಕೆ ಜಪಾನಿನ ಆವೃತ್ತಿಯಲ್ಲಿ ಬೈಬಲ್ ಎಂದೇ ಹೆಸರು. ಜಪಾನಿನ ವಿನ್ಯಾಸಕಾರರಿಗೆ ಇವು ಯುರೋಪಿನ ವೀರಕಥೆಗಳ ಅಲಂಕಾರ ಸಾಮಗ್ರಿ. ಅಮೆರಿಕದ ಗ್ರಾಹಕರಿಗೆ ಹಾಗಲ್ಲ. ನಿಂಟೆಂಡೊದ ಅಮೆರಿಕ ಶಾಖೆ ಧಾರ್ಮಿಕ ಚಿಹ್ನೆಗಳನ್ನು ದೂರವಿಡುವ ನಿಯಮ ಮಾಡಿಕೊಂಡಿತ್ತು. ಬೈಬಲ್ ‘ಮಾಂತ್ರಿಕ ಪುಸ್ತಕ’ವಾಯಿತು. ಜಪಾನಿನಲ್ಲಿ ‘ದೇವತೆಗಳ ಟ್ರೈಫೋರ್ಸ್’ ಎಂಬ ಹೆಸರಿನಿಂದ 1991ರಲ್ಲಿ ಬಂದ ಆಟ ಇಂಗ್ಲಿಷಿನಲ್ಲಿ ‘ಎ ಲಿಂಕ್ ಟು ದಿ ಪಾಸ್ಟ್’ ಆಯಿತು. ಅದರಲ್ಲಿನ ದುಷ್ಟ ಪುರೋಹಿತ ಮಂತ್ರವಾದಿಯಾದ.

1998ರ ಆಟದಲ್ಲಿ ಮರುಭೂಮಿಯ ಗೆರೂಡೊ ಜನರ ಲಾಂಛನ ಅರ್ಧಚಂದ್ರ ಮತ್ತು ನಕ್ಷತ್ರ. ಬೆಂಕಿದೇಗುಲದ ದೃಶ್ಯಕ್ಕೆ ಹಿನ್ನೆಲೆಯಾಗಿ ಬಳಸಿದ ಗಾಯನದಲ್ಲಿ ಇಸ್ಲಾಮಿನ ಪ್ರಾರ್ಥನೆಯ ತುಣುಕೂ ಸೇರಿತ್ತು. ಕಳ್ಳರ ಕೋಟೆಯ ಬಾಗಿಲಿಗೆ ಕೋಟ್ಯಂತರ ಜನ ತಮ್ಮದೆಂದು ಗುರುತಿಸುವ ಚಿಹ್ನೆಯನ್ನು ಅಂಟಿಸುವುದು ಎಷ್ಟು ಸರಿ? ನಂತರದ ಆವೃತ್ತಿಗಳಲ್ಲಿ ಆ ಗಾಯನವನ್ನು ತೆಗೆದು ಬೇರೆ ಸಂಗೀತ ಹಾಕಿದರು. ಲಾಂಛನಕ್ಕೂ ಹೊಸ ಆಕಾರ ಬರೆದರು.

ನಮ್ಮ ಹೊಸ್ತಿಲಿಗೆ ಹತ್ತಿರದ ಚಿಹ್ನೆಯೊಂದು ಕೂಡ ಈ ಆಟದಲ್ಲಿದೆ. ಮೊದಲ ಝೆಲ್ಡಾದ ಮೂರನೆಯ ನೆಲಮಾಳಿಗೆಯ ನಕ್ಷೆ ಸ್ವಸ್ತಿಕದ ಆಕಾರದ್ದು. ನಾವು ಬರೆಯುವುದಕ್ಕೆ ಎದುರು ದಿಕ್ಕಿನಲ್ಲಿ ತಿರುಗುವ, ಜಪಾನೀಯರು ‘ಮಾಂಜಿ’ ಎಂದು ಕರೆಯುವ ಸ್ವಸ್ತಿಕ. ಬುದ್ಧನ ಎದೆಯ ಮೇಲಿನ ಮಂಗಳಚಿಹ್ನೆಯಾಗಿ ಅದು ಅಲ್ಲಿಗೆ ಹೋಯಿತು. ಜಪಾನಿನ ಭೂಪಟಗಳಲ್ಲಿ ಬೌದ್ಧ ದೇಗುಲದ ಗುರುತು ಅದೇ. ಆದರೆ ನಾಜಿಗಳ ಕೈಯಲ್ಲಿ ಈ ಆಕಾರಕ್ಕೆ ಒದಗಿದ ಕಳಂಕವನ್ನು ಕಂಡವರಿಗೆ ತಿರುಗುವ ದಿಕ್ಕಿನ ವಿವರಣೆ ಸಮಾಧಾನ ಕೊಡುವುದಿಲ್ಲ. 1999ರ ಡಿಸೆಂಬರ್‌ನಲ್ಲಿ ಅದು ಸ್ಪಷ್ಟವಾಯಿತು. ಮಾಂಜಿ ಇದ್ದ ಪೋಕೆಮಾನ್ ಚೀಟಿಯೊಂದು ಜಪಾನಿನಲ್ಲಿ ಮಾತ್ರ ಮಾರಾಟಕ್ಕಿತ್ತು. ಆಮದು ವ್ಯಾಪಾರದ ಮೂಲಕ ಅಮೆರಿಕದ ಮಕ್ಕಳ ಕೈಗೂ ಬಂತು. ಅಲ್ಲಿನ ಯಹೂದಿ ಸಂಘಟನೆ ಆಕ್ಷೇಪಿಸಿತು. ಜಪಾನಿನಲ್ಲೂ ಆ ಚೀಟಿಯ ಮುದ್ರಣವನ್ನು ನಿಲ್ಲಿಸುವುದಾಗಿ ನಿಂಟೆಂಡೊ ಒಪ್ಪಿತು. ತಪ್ಪು ಯಾರದೂ ಅಲ್ಲ. ನೋವು ಮಾತ್ರ ನಿಜ.

ಮೂರು ತ್ರಿಕೋನಗಳ ಬಗ್ಗೆ ಇಂಥ ತಕರಾರು ಏಳದಿದ್ದುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅದರ ಹೆಸರಿನಲ್ಲಿ ಸತ್ತವರೂ ಕೊಂದವರೂ ಇತಿಹಾಸದ ಪುಟ ಸೇರಿ ಶತಮಾನಗಳೇ ಕಳೆದಿವೆ.

ಎನೋಶಿಮಾದಲ್ಲಿ ಆ ದೇವತೆ ಈಗ ಗರ್ಭಗುಡಿಯಲ್ಲಿಲ್ಲ. 1868ರಲ್ಲಿ ಮೇಜಿ ಸರ್ಕಾರ ಬೌದ್ಧ ದೇವರನ್ನೂ ಶಿಂಟೊ ದೇವರನ್ನೂ ಬೇರ್ಪಡಿಸಬೇಕೆಂದು ಅಪ್ಪಣೆ ಮಾಡಿತು. ಭಾರತದಿಂದ ಬಂದ ಬೆಂಜೈಟೆನ್ ಜಾಗಕ್ಕೆ ಜಪಾನಿನ ಸ್ವಂತ ದೇವತೆಗಳು ಬಂದರು. ಅವರು ಕಡಲನ್ನು ಕಾಯುವ ಮೂವರು ಅಕ್ಕತಂಗಿಯರು! ಬಾನಿನ ಸೂರ್ಯದೇವತೆ ತನ್ನ ತಮ್ಮನ ಖಡ್ಗವನ್ನು ಅಗಿದು ಉಗುಳಿದ ಮಂಜಿನಿಂದ ಹುಟ್ಟಿದವರು ಎಂದು 712ರ ‘ಕೊಜಿಕಿ’ ಹೇಳುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಗುಡಿ. ಮೂರನ್ನೂ ನೋಡಲು ದ್ವೀಪದ ಮೆಟ್ಟಿಲುಗಳನ್ನು ಹತ್ತಿ 


ಇಳಿಯಬೇಕು. ಹಳೆಯ ಬೆಂಜೈಟೆನ್‌ಳನ್ನು ಮೊದಲ ಗುಡಿಯ ಪಕ್ಕದ ಎಂಟು ಮೂಲೆಯ ಮಂಟಪದಲ್ಲಿ ಇರಿಸಿದ್ದಾರೆ. ಅಲ್ಲಿ ಎರಡು ವಿಗ್ರಹಗಳಿವೆ. ಒಂದು ಎಂಟು ಕೈಗಳ ಆಯುಧಧಾರಿಣಿ. ಇನ್ನೊಂದು ಬೀವಾ ಎಂಬ ತಂತಿವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಬಿಳಿಯ ಮೈಬಣ್ಣದವಳು. ದೇಗುಲದ ಲಾಂಛನದಲ್ಲಿ ಎದುರುಬದುರಾದ ಎರಡು ಅಲೆಗಳ ನಡುವೆ ಮೂರು ಹುರುಪೆಗಳು ಈಗಲೂ ಇವೆ.